ತಾರೀಖಿಲ್ಲದವರ ಚರಿತ್ರೆ: ‘ದಿನವಿಶೇಷ’ದ ಒಂದು ಓದು

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮ ಕಣ್ಣು ಕವಿತೆ, ಕತೆ, ಕಾದಂಬರಿ, ಆತ್ಮಕಥನಗಳ ಕಡೆಗೆ ಹೋಗುತ್ತದೆ. ಹೆಚ್ಚೆಂದರೆ ಪಂಪನಿಂದ ಕುವೆಂಪುವರೆಗಿನ ಕೃತಿಗಳಲ್ಲಿ ಕೇರಿಯವರ ಚಿತ್ರಣ ಹೇಗಿದೆ ಅಂತ ಹುಡುಕುತ್ತೇವೆ. ಇದು ಆಗಬೇಕಾದ ಕೆಲಸವೇ. ಆದರೆ ನಾಡಿನ ಬಹುಪಾಲು ಜನ ಕವಿತೆ ಓದುವುದಿಲ್ಲ, ಕಾದಂಬರಿಯನ್ನೂ ಓದುವುದಿಲ್ಲ. ಅವರು ದಿನಾ ಓದುವ, ಕೇಳುವ, ಬಾಯಿಪಾಠ ಮಾಡುವ ಪಠ್ಯವೊಂದಿದೆ. ಅದರ ಹೆಸರು ‘ದಿನವಿಶೇಷ’. ಪತ್ರಿಕೆಯ ಮೂಲೆಯಲ್ಲಿ ಬರುವ ‘ಇತಿಹಾಸದಲ್ಲಿ ಈ ದಿನ’, ರೇಡಿಯೋದ ಬೆಳಗಿನ ಎರಡು ಮಾತು, ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಓದುವ ಚೀಟಿ, ನೌಕರಿ ಪರೀಕ್ಷೆಯ ಗೈಡುಗಳಲ್ಲಿರುವ ಪಟ್ಟಿ – ಇವೆಲ್ಲ ಒಂದೇ ಪಠ್ಯದ ಬೇರೆ ಬೇರೆ ಪ್ರತಿಗಳು. ಇದನ್ನು ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ. ಕೇಳದೇ ಇರುವುದರಿಂದಲೇ ಅದಕ್ಕೆ ಅಷ್ಟು ಅಧಿಕಾರ ಬಂದಿದೆ. ಪಂಪನನ್ನು ಪ್ರಶ್ನಿಸಬಹುದು, ಅವನಿಗೊಂದು ಹೆಸರಿದೆ. ದಿನವಿಶೇಷವನ್ನು ಪ್ರಶ್ನಿಸುವುದು ಹೇಗೆ? ಅದು ಬರೀ ‘ಮಾಹಿತಿ’ ತಾನೇ?

ಮಾಹಿತಿ ಎನ್ನುವುದು ಕೂಡ ಒಂದು ಬರವಣಿಗೆ. ಅದಕ್ಕೂ ವ್ಯಾಕರಣವಿದೆ, ಅದರಲ್ಲೂ ಒಳಗಿನವರು ಹೊರಗಿನವರು ಇದ್ದಾರೆ ಎನ್ನುವುದು ನನ್ನ ವಾದ. ಕುಮಟಾದ ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ ದಿನವಿಶೇಷದ ಫಲಕ ಬರೆಸುವ ಕೆಲಸವೂ ಇದೆ. ಹೀಗಾಗಿ ಈ ಪಠ್ಯವನ್ನು ನಾನು ಓದುಗನಾಗಿ ಮಾತ್ರವಲ್ಲ, ಅದರ ನಕಲುಗಾರನಾಗಿಯೂ ಬಲ್ಲೆ.

1

ಮೊದಲು ಪಠ್ಯವನ್ನು ನೋಡೋಣ. ನಮ್ಮ ತಾಲೂಕಿನ ಮಟ್ಟಿಗೆ ಪಟ್ಟಿ ಹೀಗಿದೆ. ಆಗಸ್ಟ್ 3, ಯಶವಂತ ಚಿತ್ತಾಲರು ಹನೇಹಳ್ಳಿಯಲ್ಲಿ ಹುಟ್ಟಿದ್ದು, 1928. ಸೆಪ್ಟೆಂಬರ್ 12, ಗೌರೀಶ ಕಾಯ್ಕಿಣಿಯವರು ಗೋಕರ್ಣದಲ್ಲಿ ಹುಟ್ಟಿದ್ದು, 1912. ಪಕ್ಕದ ಅಂಕೋಲೆಯನ್ನೂ ಸೇರಿಸಿಕೊಂಡರೆ ಸೆಪ್ಟೆಂಬರ್ 10, ದಿನಕರ ದೇಸಾಯಿ, 1909. ಸ್ಥಳಗಳ ಪೈಕಿ ಮಿರ್ಜಾನಿನ ಕೋಟೆ, ಯಾಣದ ಬಂಡೆ, ಗೋಕರ್ಣದ ದೇವಸ್ಥಾನ. ಇವರೆಲ್ಲ ಅಲ್ಲಿರಬೇಕಾದವರೇ, ಯಾರನ್ನೂ ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಚಿತ್ತಾಲರ ಹನೇಹಳ್ಳಿ ಇಲ್ಲದಿದ್ದರೆ ಕನ್ನಡ ಕತೆಗೆ ಎಷ್ಟು ನಷ್ಟವಾಗುತ್ತಿತ್ತು ಎಂಬುದು ಕತೆ ಓದುವವರಿಗೆಲ್ಲ ಗೊತ್ತು.

ನಾನು ಕೇಳುತ್ತಿರುವುದು ಬೇರೆ. ಈ ಪಟ್ಟಿಯೊಳಗೆ ಬರಬೇಕಾದರೆ ಏನಿರಬೇಕು? ಮೊದಲನೆಯದಾಗಿ ಹುಟ್ಟಿದ ದಿನವನ್ನು ಯಾರಾದರೂ ಬರೆದಿಟ್ಟಿರಬೇಕು. ಎರಡನೆಯದಾಗಿ ಆ ಕಾಗದವನ್ನು ಕಾಪಾಡುವ ಒಂದು ಮನೆಯೋ, ಕಚೇರಿಯೋ, ಸಂಘವೋ ಇರಬೇಕು. ಮೂರನೆಯದಾಗಿ ವರ್ಷಕ್ಕೊಮ್ಮೆ ಫೋಟೋಕ್ಕೆ ಹಾರ ಹಾಕುವ ನಾಲ್ಕು ಜನ ಬೇಕು. ಪ್ರತಿಭೆ, ತ್ಯಾಗ, ಸಾಧನೆ – ಇವೆಲ್ಲ ಈ ಮೂರರ ನಂತರದ ಮಾತು. ದಿನವಿಶೇಷ ಸಾಧನೆಯ ಪಟ್ಟಿ ಎಂದು ನಾವು ತಿಳಿದಿದ್ದೇವೆ. ಹಾಗೆ ನೋಡಿದರೆ ಅದು ಮೊದಲು ದಾಖಲೆಯ ಪಟ್ಟಿ.

ನಮ್ಮೂರಿನಲ್ಲಿ ಇದನ್ನು ತಿಳಿಯುವುದು ಸುಲಭ, ಯಾಕೆಂದರೆ ಜಿಲ್ಲೆಯಲ್ಲೆಲ್ಲ ಬಳಕೆಯಲ್ಲಿರುವ ಬಗ್ಗೋಣ ಪಂಚಾಂಗದ ಬಗ್ಗೋಣ ಇರುವುದು ಕುಮಟಾದಲ್ಲೇ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಂದ ದಿನವೊಂದನ್ನು ಹಿಡಿದಿಡುವ ಈ ವಿದ್ಯೆಯ ಪಾಂಡಿತ್ಯ ದೊಡ್ಡದು. ಮಗು ಹುಟ್ಟಿದ ಗಳಿಗೆಯನ್ನು ಬರೆಯಿಸಿ ಜಾತಕ ಮಾಡಿಸುವ ಮನೆಗಳಲ್ಲಿ ಹುಟ್ಟಿದ ದಿನ ಎನ್ನುವುದು ತಲೆಮಾರುಗಳಿಂದ ಕಾಗದದ ಮೇಲಿದೆ. ಪುರೋಹಿತರು ಕಾಲಿಡದ ಕೇರಿಯಲ್ಲಿ ಹುಟ್ಟಿದ ಮಗುವಿಗೆ ಗಳಿಗೆಯೂ ಇಲ್ಲ, ಜಾತಕವೂ ಇಲ್ಲ. ಅಸ್ಪೃಶ್ಯತೆ ನೀರಿಗೆ, ದಾರಿಗೆ, ದೇವಸ್ಥಾನಕ್ಕೆ ಮಾತ್ರ ಇತ್ತು ಎಂದುಕೊಂಡಿದ್ದೇವೆ. ಅದು ಕಾಲಕ್ಕೂ ಇತ್ತು.

2

ಈ ಕಾಲದ ಅಸ್ಪೃಶ್ಯತೆಗೆ ಆಧುನಿಕ ರಾಜ್ಯ ಏನು ಪರಿಹಾರ ಕೊಟ್ಟಿತು? ನನ್ನ ಅಪ್ಪನ ಜನ್ಮದಿನ ಜೂನ್ 1. ಅಪ್ಪನ ಅಣ್ಣನದೂ ಜೂನ್ 1. ಅವರ ಜೊತೆ ಒಂದನೇ ಇಯತ್ತೆಗೆ ಕೂತ ಕೇರಿಯ ಹುಡುಗರದೂ ಅದೇ. ಕರ್ನಾಟಕದ ಯಾವ ಮೂಲೆಗೆ ಹೋದರೂ ಈ ಕತೆ ಸಿಗುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ಮಗುವನ್ನು ಕರೆದುಕೊಂಡು ಬಂದ ತಂದೆಗೆ ತಾರೀಖು ಗೊತ್ತಿಲ್ಲ. ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟುತ್ತದೋ ನೋಡುತ್ತಾರೆ, ಮುಟ್ಟಿದರೆ ಜೂನ್ 1 ಅಂತ ಬರೆದು ಒಳಗೆ ಸೇರಿಸಿಕೊಳ್ಳುತ್ತಾರೆ. ಮಾಸ್ತರರನ್ನು ದೂರುವಂತಿಲ್ಲ. ಅವರು ಆ ತಾರೀಖು ಬರೆಯದಿದ್ದರೆ ಮಗು ಶಾಲೆಯ ಹೊರಗೇ ಉಳಿಯುತ್ತಿತ್ತು. ಇದರ ಕೊನೆಯ ಅಧ್ಯಾಯ ನಡೆಯುವುದು ಮೇ 31ರಂದು. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದ ಸರಕಾರಿ ನೌಕರರು ಅದರ ಹಿಂದಿನ ದಿನವೇ ನಿವೃತ್ತರಾಗುತ್ತಾರೆ. ಹಾಗಾಗಿ ವರ್ಷವರ್ಷವೂ ಮೇ 31ಕ್ಕೆ ಕಚೇರಿಗಳಲ್ಲಿ ಶಾಲು ಹಾರಗಳ ಸಾಲು. ಅಲ್ಲಿ ಶಾಲು ಹೊದೆಸಿಕೊಳ್ಳುವವರಲ್ಲಿ ಎಲ್ಲ ಜಾತಿಯ ಬಡವರ, ರೈತರ ಮಕ್ಕಳಿದ್ದಾರೆ. ಅವರನ್ನು ಒಂದುಗೂಡಿಸುವ ಸಂಗತಿ ಒಂದೇ: ಅವರು ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು.

ನನ್ನ ಅಮ್ಮನಿಗೆ ಜೂನ್ 1 ಕೂಡ ಇಲ್ಲ, ಆಕೆ ಶಾಲೆಗೆ ಹೋಗಲಿಲ್ಲ. ಆಧಾರ್ ಕಾರ್ಡಿನಲ್ಲಿ ಆಕೆಯದು ಜನವರಿ 1. ವಯಸ್ಸು ಅಂದಾಜಿನಲ್ಲಿ ಹೇಳಿದವರಿಗೆಲ್ಲ ಯಂತ್ರ ಕೊಟ್ಟ ತಾರೀಖು ಅದು. ಶಾಲೆಗೆ ಹೋದವರು ಜೂನ್ 1, ಹೋಗದವರು ಜನವರಿ 1 – ಇದು ಈ ರಾಜ್ಯದ ಅಕ್ಷರ ಚರಿತ್ರೆಯ ಅತ್ಯಂತ ಚಿಕ್ಕ ಸಾರಾಂಶ ಅಂತ ನನಗನ್ನಿಸುತ್ತದೆ. ದಿನವಿಶೇಷದಲ್ಲಿ ಜೂನ್ 1ಕ್ಕೆ ಏನೇನೋ ಇದೆ, ಇದು ಮಾತ್ರ ಇಲ್ಲ.

ಆದರೆ ತಾರೀಖು ಇಲ್ಲದವರಿಗೆ ನೆನಪು ಇಲ್ಲ ಅಂತ ತಿಳಿಯಬಾರದು. ಅಮ್ಮ ತನ್ನ ಮಕ್ಕಳ ಹುಟ್ಟನ್ನು ಸರಿಯಾಗೇ ಹೇಳುತ್ತಾಳೆ. ಒಬ್ಬ ಹುಟ್ಟಿದ್ದು ಗಜನಿಗೆ ಉಪ್ಪುನೀರು ನುಗ್ಗಿ ಕಗ್ಗದ ಗದ್ದೆ ಹಾಳಾದ ಮಳೆಗಾಲ. ನಾನು ಹುಟ್ಟಿದ್ದು ಕೊಂಕಣ ರೈಲಿನ ಹಳಿಯ ಕೆಲಸಕ್ಕೆ ಅಪ್ಪ ಮಣ್ಣು ಹೊರುತ್ತಿದ್ದ ವರ್ಷ, ಬಂಡಿಹಬ್ಬದ ಹೊತ್ತಿಗೆ. ಇಲ್ಲಿ ಕಾಲವೆಂದರೆ ದುಡಿಮೆ, ಮಳೆ, ಹಬ್ಬ, ನಷ್ಟ. ಅಮ್ಮನ ಈ ಲೆಕ್ಕದಲ್ಲಿ ನನ್ನ ಹುಟ್ಟಿನ ಜೊತೆ ಅಪ್ಪನ ಕೂಲಿಯೂ ದಾಖಲಾಗುತ್ತದೆ. ಪಂಚಾಂಗದ ಐದು ಅಂಗಗಳಲ್ಲಿ ಕೂಲಿಗೆ ಜಾಗವಿಲ್ಲ.

ನಮ್ಮ ಆತ್ಮಕಥನಗಳನ್ನು ಈ ಬೆಳಕಿನಲ್ಲಿ ಓದಬೇಕು. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ – 1990ರ ದಶಕದ ಈ ಎರಡೂ ಪುಸ್ತಕಗಳ ಹೆಸರುಗಳನ್ನೇ ನೋಡಿ. ಒಂದು ಜಾಗದ ಹೆಸರು, ಇನ್ನೊಂದು ಸಮಾಜ ಕೊಟ್ಟ ಸ್ಥಾನದ ಹೆಸರು. ‘ಊರುಕೇರಿ’ಯಲ್ಲಿ ಎತ್ತುಗಳ ಬದಲು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಉಳುವ ಚಿತ್ರ ಬರುತ್ತದಲ್ಲ, ಅದು ಯಾವ ಇಸವಿ ಎಂದು ಓದುಗ ಕೇಳುವುದಿಲ್ಲ. ಯಾರ ಹೊಲ, ಯಾರ ಹೆಗಲು ಅಂತ ಕೇಳುತ್ತಾನೆ. ‘ಯಾವಾಗ’ ಎಂಬ ಪ್ರಶ್ನೆಗಿಂತ ಮೊದಲು ‘ಎಲ್ಲಿ’, ‘ಯಾರು’ ಎಂಬ ಪ್ರಶ್ನೆಗಳನ್ನು ಇಡುವುದು ದಲಿತ ಗದ್ಯದ ಸ್ವಭಾವ. ವಿಮರ್ಶಕರು ಇದನ್ನು ಕೆಲವೊಮ್ಮೆ ‘ಕಾಲಾನುಕ್ರಮ ಇಲ್ಲ, ಬಿಡಿ ಪ್ರಸಂಗಗಳ ಜೋಡಣೆ’ ಅಂತ ಕೊರತೆಯಾಗಿ ಎಣಿಸುತ್ತಾರೆ. ಕೊರತೆ ಇರುವುದು ಕಾಲಾನುಕ್ರಮವೆಂದರೆ ತಾರೀಖು ಮಾತ್ರ ಎಂದುಕೊಂಡ ಓದಿನಲ್ಲಿ.

3

ಇನ್ನೊಂದು ಪಠ್ಯವನ್ನು ಇದರ ಪಕ್ಕ ಇಡುತ್ತೇನೆ. ಉತ್ತರ ಕನ್ನಡದ ಬಗ್ಗೆ ಬರೆಯುವ ಯಾರೇ ಆದರೂ ತೆರೆಯುವ ಪುಸ್ತಕ 1883ರ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರ್‌ನ 15ನೇ ಸಂಪುಟ, ಕ್ಯಾಂಪ್‌ಬೆಲ್ ಸಂಪಾದಕತ್ವದ್ದು. ಅದು ಎರಡು ಭಾಗಗಳಲ್ಲಿದೆ. ಒಂದನೇ ಭಾಗದಲ್ಲಿ ನೆಲ, ಮಳೆ, ಮರ, ಪ್ರಾಣಿ, ಅದರ ನಂತರ ಜನ. ಜಾತಿಗಳ ವಿವರವೆಲ್ಲ ಈ ಭಾಗದಲ್ಲೇ. ಎರಡನೇ ಭಾಗದಲ್ಲಿ ವ್ಯಾಪಾರ, ಇತಿಹಾಸ, ಆಡಳಿತ, ನೋಡತಕ್ಕ ಸ್ಥಳಗಳು. ನಮ್ಮ ಕರಾವಳಿಯ ಆಗೇರರು, ಮುಕ್ರಿಗಳು, ಹಳ್ಳೇರರು – ಇವತ್ತು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವವರು – ಸಿಗುವುದು ಮೊದಲ ಭಾಗದಲ್ಲಿ. ಅಲ್ಲಿನ ವಾಕ್ಯಗಳ ಧಾಟಿ ಇಂಥದ್ದು: ಇಂಥವರು ಇದನ್ನು ಉಣ್ಣುತ್ತಾರೆ, ಇದನ್ನು ಉಡುತ್ತಾರೆ, ಹೀಗೆ ಮದುವೆಯಾಗುತ್ತಾರೆ, ಹೀಗೆ ಹೂಳುತ್ತಾರೆ. ಎಲ್ಲವೂ ವರ್ತಮಾನ ಕ್ರಿಯಾಪದ. ಅವರಿಗೆ ರೂಢಿಯಿದೆ, ಘಟನೆಯಿಲ್ಲ. ರಾಜ, ರಾಣಿ, ಪೋರ್ಚುಗೀಜ, ಕಲೆಕ್ಟರ ಇವರಿಗೆ ಎರಡನೇ ಭಾಗದಲ್ಲಿ ಭೂತಕಾಲದ ಕ್ರಿಯಾಪದ ಮತ್ತು ಇಸವಿ.

ಇದು ಬರೀ ಪುಸ್ತಕ ಕಟ್ಟುವ ಅನುಕೂಲದ ಪ್ರಶ್ನೆಯಲ್ಲ. ವಸಾಹತುಶಾಹಿ ಮಾಡಿದ ಈ ವಿಭಜನೆ ಮತ್ತು ಪಂಚಾಂಗ ಮಾಡಿದ ವಿಭಜನೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂತವು. ಇವತ್ತಿನ ನಮ್ಮ ಸಾಂಸ್ಕೃತಿಕ ಕಾರ್ಯಕ್ರಮಗಳನ್ನು ನೋಡಿ: ಇತಿಹಾಸದ ಗೋಷ್ಠಿ ಬೇರೆ, ಜಾನಪದದ ಗೋಷ್ಠಿ ಬೇರೆ. ಕೇರಿಯವರು, ಬುಡಕಟ್ಟಿನವರು ಜಾನಪದದಲ್ಲಿ ಬರುತ್ತಾರೆ. ಕುಣಿಯುತ್ತಾರೆ, ಹಾಡುತ್ತಾರೆ, ಮತ್ತೆ ವರ್ತಮಾನ ಕ್ರಿಯಾಪದ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ತಾರೀಖು ಸಿಕ್ಕಿದ್ದು 2017ರ ಪದ್ಮಶ್ರೀಯಿಂದ. ಗಿಡ ಬೆಳೆಸಿದ ತುಳಸಿ ಗೌಡರಿಗೆ ಸಿಕ್ಕಿದ್ದು 2020ರ ಪದ್ಮಶ್ರೀಯಿಂದ. ಈಗ 2024ರ ಡಿಸೆಂಬರ್ 16 ತುಳಸಿ ಗೌಡರು ತೀರಿಕೊಂಡ ದಿನ, 2025ರ ಫೆಬ್ರವರಿ 13 ಸುಕ್ರಜ್ಜಿ ತೀರಿಕೊಂಡ ದಿನ ಎಂದು ದಿನವಿಶೇಷದಲ್ಲಿ ಸೇರಿವೆ. ಇವರು ದಲಿತರಲ್ಲ, ಆದರೆ ಅದೇ ಮೊದಲ ಭಾಗದವರು. ಎರಡನೇ ಭಾಗಕ್ಕೆ ದಾಟಬೇಕಾದರೆ ದಿಲ್ಲಿಯ ಚೀಟಿ ಬೇಕಾಯಿತು.

4

ಈಗ ಉಪ್ಪಿನ ಮಾತಿಗೆ ಬರುತ್ತೇನೆ. ನಮ್ಮ ಜಿಲ್ಲೆಯ ದಿನವಿಶೇಷದಲ್ಲಿ ಅತ್ಯಂತ ಹೊಳೆಯುವ ದಿನ ಏಪ್ರಿಲ್ 13. 1930ರ ಆ ದಿನ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬರುವಷ್ಟು ದೊಡ್ಡ ಹೋರಾಟ ಇಲ್ಲಿ ನಡೆಯಿತು. ಜನ ಜೈಲಿಗೆ ಹೋದರು, ಆಮೇಲೆ ಕರನಿರಾಕರಣೆಯಲ್ಲಿ ಭೂಮಿ ಮನೆ ಕಳೆದುಕೊಂಡರು. ಆ ತ್ಯಾಗ ಸಣ್ಣದಲ್ಲ.

‘ಕರ್ನಾಟಕದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದೆಲ್ಲಿ?’ ಎಂಬ ಪ್ರಶ್ನೆಗೆ ನನ್ನ ತರಗತಿ ಒಂದೇ ಬಾಯಲ್ಲಿ ‘ಅಂಕೋಲಾ’ ಅನ್ನುತ್ತದೆ. ಒಮ್ಮೆ ಸಾಣಿಕಟ್ಟಾ ಕಡೆಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಅವ್ರು ಒಂದಿನ ಉಪ್ಪು ಮಾಡಿದ್ದು ಸತ್ಯಾಗ್ರಹ. ನಮ್ಮಮ್ಮ ಬೇಸಿಗೆ ಪೂರ್ತಿ ಉಪ್ಪು ಹೊರ್ತದೆ. ಅದಕ್ಕೆ ಎಂತ ಹೇಳೂದು ಸರ್?” ಹಿಂದಿನ ಬೆಂಚಿನಿಂದ ಒಬ್ಬ “ಕೂಲಿ” ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ಪ್ರಶ್ನೆಯನ್ನು ನಾವು ನಕ್ಕು ಬಿಡುವಂತಿಲ್ಲ. ಗೋಕರ್ಣದ ಪಕ್ಕ ಅಘನಾಶಿನಿಯ ಅಳಿವೆಯಲ್ಲಿರುವ ಸಾಣಿಕಟ್ಟಾ ಈ ರಾಜ್ಯದಲ್ಲಿ ಉಪ್ಪು ಬೆಳೆಯುವ ಮುಖ್ಯ ಜಾಗ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾಯಿಸುತ್ತ, ಬಿಸಿಲಿಗೆ ಬಲಿಯಲು ಬಿಟ್ಟು, ಹರಳು ಕಟ್ಟಿದ ಮೇಲೆ ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕಿ, ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಸಾಗಿಸಬೇಕು. ಮಳೆ ಬೀಳುವ ಮೊದಲು ಎಲ್ಲ ಮುಗಿಯಬೇಕು. ಉಪ್ಪಿನ ಗದ್ದೆಗೆ ಇಲ್ಲಿ ಆಗರ ಅನ್ನುತ್ತಾರೆ. ಆಗೇರ ಎಂಬ ಜಾತಿಯ ಹೆಸರು ಬಂದದ್ದೇ ಆ ಆಗರದಿಂದ. ಉಪ್ಪು ಮಾಡುವುದು ಅವರ ಕುಲಕಸುಬು. ಇವತ್ತು ಆಗರದಲ್ಲಿ ದುಡಿಯುವವರು ಒಂದೇ ಜಾತಿಯವರಲ್ಲ, ಆದರೆ ಹೆಸರಿನೊಳಗೆ ಚರಿತ್ರೆ ಹಾಗೇ ಉಳಿದಿದೆ. ನಮ್ಮ ಶಿಷ್ಟ ಕನ್ನಡದಲ್ಲಿ ‘ಆಗರ’ ಅಂದರೆ ಭಂಡಾರ. ‘ವಿದ್ವತ್ತಿನ ಆಗರ’ ಅಂತ ಸನ್ಮಾನ ಪತ್ರಗಳಲ್ಲಿ ಬರೆಯುತ್ತೇವೆ. ಪದ ಗೌರವ ಪಡೆದು ಸನ್ಮಾನ ಪತ್ರಕ್ಕೆ ಹೋಯಿತು, ಪದದ ಜೊತೆಗಿದ್ದ ಜನ ಕೆಸರಿನಲ್ಲೇ ಉಳಿದರು.

1882ರ ಉಪ್ಪಿನ ಕಾಯ್ದೆ ಉಪ್ಪನ್ನು ಸರಕಾರದ ಹಿಡಿತಕ್ಕೆ ತಂದಿತು. ಆ ಕಾಯ್ದೆ ಮೊದಲು ಬಿದ್ದದ್ದು ಉಪ್ಪು ಮಾಡುವವರ ಮೇಲೆ. ಕಾಯ್ದೆ ಮುರಿದ ದಿನದ ಚರಿತ್ರೆಯನ್ನು ಬರೆಯುವಾಗ ಕಾಯ್ದೆಯ ಕೆಳಗೆ ಅರ್ಧ ಶತಮಾನ ದುಡಿದವರ ಪ್ರಸ್ತಾಪವೇ ಇಲ್ಲದಿರುವುದು ಹೇಗೆ? ಇಲ್ಲಿ ದಿನವಿಶೇಷದ ವ್ಯಾಕರಣ ಪೂರ್ತಿ ಬಯಲಾಗುತ್ತದೆ. ಒಮ್ಮೆ ಮಾಡಿದ್ದು ಘಟನೆ, ದಿನಾ ಮಾಡಿದ್ದು ಕೂಲಿ. ಘಟನೆಗೆ ತಾರೀಖು ಇದೆ, ಕೂಲಿಗೆ ಇಲ್ಲ. ದುಡಿಮೆಗೆ ಜಾತಿ ಅಂಟಿಕೊಂಡಿರುವ ದೇಶದಲ್ಲಿ ಈ ವ್ಯಾಕರಣ ನಿಷ್ಪಕ್ಷಪಾತಿಯಾಗಿರಲು ಸಾಧ್ಯವಿಲ್ಲ.

ಅದೇ 1930ನ್ನು ಇನ್ನೊಂದು ಕಡೆಯಿಂದ ನೋಡಬೇಕು. ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟದ್ದು ಮಾರ್ಚ್ 12. ಅದಕ್ಕೆ ಹತ್ತು ದಿನ ಮೊದಲು, ಮಾರ್ಚ್ 2ರಂದು, ಅದೇ ಮುಂಬಯಿ ಪ್ರಾಂತದ ನಾಸಿಕದಲ್ಲಿ ಬಾಬಾಸಾಹೇಬರು ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಸತ್ಯಾಗ್ರಹ ಶುರು ಮಾಡಿದ್ದರು. ಒಂದು ಸತ್ಯಾಗ್ರಹ ಸಮುದ್ರದ ಉಪ್ಪಿನ ಮೇಲೆ ಎಲ್ಲರ ಹಕ್ಕು ಕೇಳಿತು. ಇನ್ನೊಂದು ದೇವರ ಮುಂದೆ ಎಲ್ಲರೂ ಸಮಾನ ಹೌದೋ ಅಲ್ಲವೋ ಎಂದು ಕೇಳಿತು. ಮೊದಲನೆಯದರಲ್ಲಿ ಎದುರಾಳಿ ಇಂಗ್ಲೆಂಡಿನವನು, ಎರಡನೆಯದರಲ್ಲಿ ಪಕ್ಕದ ಬೀದಿಯವನು. ಗಾಂಧಿ ಮತ್ತು ಅಂಬೇಡ್ಕರ್ ಮುಖಾಮುಖಿಯಲ್ಲಿ ಇಬ್ಬರೂ ಬದಲಾದರು ಎಂದು ಡಿ.ಆರ್. ನಾಗರಾಜ್ ವಾದಿಸಿದ್ದಾರೆ, ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ದಿನವಿಶೇಷದಲ್ಲಿ ಮುಖಾಮುಖಿಯೇ ನಡೆಯುವುದಿಲ್ಲ. ಮಾರ್ಚ್ 12ಕ್ಕೆ ದಂಡಿ ಇದೆ, ಮಾರ್ಚ್ 2ಕ್ಕೆ ನಾಸಿಕ ಸಾಮಾನ್ಯವಾಗಿ ಇಲ್ಲ. ಏಪ್ರಿಲ್ 13ಕ್ಕೆ ಉಪ್ಪು, 14ಕ್ಕೆ ಅಂಬೇಡ್ಕರ್ ಜಯಂತಿ. ಎರಡೂ ಒಂದರ ಪಕ್ಕ ಒಂದಿದ್ದರೂ ಎರಡು ಬೇರೆ ದೇಶಗಳ ಸುದ್ದಿಯಂತೆ ಓದುತ್ತೇವೆ.

5

ಇಲ್ಲೊಂದು ಪ್ರಶ್ನೆ ಬರುತ್ತದೆ. ದಲಿತರಿಗೆ ಸಂಬಂಧಪಟ್ಟ ದಿನ ಕುಮಟಾದ ಚರಿತ್ರೆಯಲ್ಲಿ ಇದ್ದರೆ ತಾನೇ ಬರೆಯುವುದು? ಹೀಗೆ ಕೇಳುವವರಿಗೆ ನಾನು ಒಂದು ತಾರೀಖು ಕೊಡುತ್ತೇನೆ: 1923ರ ಆಗಸ್ಟ್ 4.

ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ನಮ್ಮ ಶಾಸನಸಭೆ ಮುಂಬಯಿಯದು. ಆ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಅವರ ಗೊತ್ತುವಳಿ ಅಂಗೀಕಾರವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಹಾಗೆಯೇ ಸರಕಾರಿ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೆನಿಸಿಕೊಂಡವರು ಬಳಸಲು ಬಿಡಬೇಕು ಎನ್ನುವುದು ಅದರ ತಿರುಳು. ಮಹಾಡದ ಚವದಾರ ಕೆರೆಯ ಸತ್ಯಾಗ್ರಹ, 1927ರ ಮಾರ್ಚ್ 20, ಆಕಾಶದಿಂದ ಇಳಿದದ್ದಲ್ಲ. ಈ ಗೊತ್ತುವಳಿ ಕೊಟ್ಟ ಹಕ್ಕನ್ನು ಚಲಾಯಿಸಲಿಕ್ಕೆ ಬಾಬಾಸಾಹೇಬರು ಅಲ್ಲಿ ನೀರಿಗೆ ಕೈ ಹಾಕಿದರು. ಕೈ ಹಾಕಿದ್ದಕ್ಕೆ ಏಟು ಬಿತ್ತು.

ಅಂದರೆ ಏನಾಯಿತು? ಮಹಾಡಕ್ಕೆ ಅನ್ವಯವಾದ ಗೊತ್ತುವಳಿ ಕುಮಟಾ, ಹೊನ್ನಾವರ, ಭಟ್ಕಳಕ್ಕೂ ಸೇರಿದ್ದೇ. ಆಗ ನಾವು ಒಂದೇ ಪ್ರಾಂತದವರು. ಮಹಾಡದ ಕೆರೆ ನಮಗೆ ಮಹಾರಾಷ್ಟ್ರದ ಸಂಗತಿಯಾಗಿ ಕಾಣುವುದು 1956ರ ನಂತರದ ನಕಾಶೆಯಲ್ಲಿ. ಭಾಷಾವಾರು ಪ್ರಾಂತ ರಚನೆ ನಮಗೆ ಕನ್ನಡದ ಚರಿತ್ರೆಯನ್ನು ಕೊಟ್ಟಿತು, ಅದು ಸರಿಯೇ. ಅದರ ಜೊತೆಗೆ ದಲಿತ ಚಳವಳಿಯ ಮೊದಲ ತಾರೀಖುಗಳನ್ನು ಗಡಿಯಾಚೆ ಬಿಟ್ಟು ಬರುವಂತೆಯೂ ಮಾಡಿತು. 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ನಡೆದ ಬಹಿಷ್ಕೃತರ ಪರಿಷತ್ತಿನ ಬಗ್ಗೆ ನಮ್ಮ ಎಷ್ಟು ಗೈಡುಗಳಲ್ಲಿದೆ? ಅದಕ್ಕೂ ನಾಲ್ಕು ತಿಂಗಳು ಮೊದಲು, 1924ರ ಡಿಸೆಂಬರ್‌ನಲ್ಲಿ, ಅದೇ ಜಿಲ್ಲೆಯ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ಎಲ್ಲ ಗೈಡುಗಳಲ್ಲೂ ಇದೆ.

ಕರಾವಳಿಯ ದಕ್ಷಿಣಕ್ಕೆ ಹೋದರೆ ಜೂನ್ 29 ಸಿಗುತ್ತದೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರ ದಿನ. ಮಂಗಳೂರಿನಲ್ಲಿ 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಸ್ವಂತ ಜಾತಿಯ ಬಹಿಷ್ಕಾರ ಸಹಿಸಿ, ದಲಿತ ಮಕ್ಕಳಿಗೆ ಶಾಲೆ ನಡೆಸಿದವರು ಅವರು. ಅವರ ದಿನವನ್ನು ನೆನೆಯುವುದು ನಮ್ಮ ಕರ್ತವ್ಯ. ಆದರೂ ಒಂದು ಸಂಗತಿ ಗಮನಿಸಬೇಕು. ಶಾಲೆ ತೆರೆದವರಿಗೆ ತಾರೀಖಿದೆ. ಮೊದಲ ದಿನ ಆ ಶಾಲೆಯ ಹೊಸ್ತಿಲು ದಾಟಿದ ಮಕ್ಕಳಿಗೆ ಇಲ್ಲ. ಕಲಿಸಿದ್ದು ಧೈರ್ಯ ಹೌದು. ಆ ಕಾಲದಲ್ಲಿ ಮಗುವನ್ನು ಕಳಿಸಿದ್ದು ಇನ್ನೂ ದೊಡ್ಡ ಧೈರ್ಯ. ಉದ್ಧಾರ ಮಾಡಿದವರ ದಿನಗಳಿಂದ ತುಂಬಿದ ದಿನವಿಶೇಷ, ದಲಿತರನ್ನು ಬೇರೆಯವರ ವಾಕ್ಯದ ಕರ್ಮಪದವಾಗಿ ಇಟ್ಟುಕೊಳ್ಳುತ್ತದೆ. ಕರ್ತೃವಾಗಲು ಬಿಡುವುದಿಲ್ಲ.

6

ಸಾಹಿತ್ಯದ ಮಾತಿಗೆ ಮರಳಿದರೆ, ಕನ್ನಡದ ಮಟ್ಟಿಗೆ ಇಂಥದ್ದೇ ಒಂದು ಜೋಡಿ 1973ರ ನವೆಂಬರ್‌ನಲ್ಲಿದೆ. ನವೆಂಬರ್ 1ಕ್ಕೆ ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಹದಿನೆಂಟು ದಿನ ಕಳೆದು ನವೆಂಬರ್ 19ಕ್ಕೆ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ನಡೆಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಬೆಂಕಿಯಲ್ಲೇ ದಲಿತ ಸಂಘರ್ಷ ಸಮಿತಿ, ದಲಿತ ಬಂಡಾಯ ಸಾಹಿತ್ಯಗಳು ಹದಗೊಂಡವು. ರಾಜ್ಯಕ್ಕೆ ಹೆಸರು ಬಂದ ತಿಂಗಳಲ್ಲೇ ಆ ಹೆಸರಿನೊಳಗೆ ನಮ್ಮ ಪಾಲೆಷ್ಟು ಎಂಬ ಪ್ರಶ್ನೆಯೂ ಹುಟ್ಟಿತು. ನವೆಂಬರ್ ಪೂರ್ತಿ ರಾಜ್ಯೋತ್ಸವ ಮಾಡುವ ನಾವು ಹತ್ತೊಂಬತ್ತನೇ ತಾರೀಖನ್ನು ಕಾಣದವರಂತೆ ದಾಟಿಬಿಡುತ್ತೇವೆ. ವಿಮರ್ಶೆಯ ಚರಿತ್ರೆಯಲ್ಲಿ ಬೂಸಾ ಪ್ರಕರಣ ಈಗಲೂ ‘ವಿವಾದ’ ಎಂಬ ತಲೆಬರಹದ ಕೆಳಗಿದೆ. ಅದು ಕನ್ನಡ ಸಾಹಿತ್ಯದ ಮೇಲೆ ಒಬ್ಬ ದಲಿತ ಓದುಗ ಬರೆದ ವಿಮರ್ಶೆ ಎಂದು ಓದಿದವರು ಕಡಿಮೆ.

7

ನನ್ನ ಮಾತಿಗೆ ಒಂದು ಆಕ್ಷೇಪ ಬರಬಹುದು. ‘ಈಗ ಕಾಲ ಬದಲಾಗಿದೆಯಲ್ಲ, ಸರಕಾರವೇ ಎಲ್ಲ ಸಮುದಾಯದ ಮಹನೀಯರ ಜಯಂತಿ ಮಾಡುತ್ತಿದೆಯಲ್ಲ?’ ಹೌದು, ಮಾಡುತ್ತಿದೆ. ಹೇಗೆ ಮಾಡುತ್ತಿದೆ ನೋಡಿ. ಮಾದಾರ ಚನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಉರಿಲಿಂಗ ಪೆದ್ದಿ – ಐದು ಜನ ಶರಣರಿಗೆ ಸೇರಿಸಿ ‘ಕಾಯಕ ಶರಣರ ಜಯಂತಿ’ ಎಂಬ ಒಂದೇ ದಿನ. ಐದು ಫೋಟೋ, ಒಂದು ಹಾರದ ಖರ್ಚು. ಹನ್ನೆರಡನೇ ಶತಮಾನದ ಯಾರ ಹುಟ್ಟಿದ ದಿನವನ್ನೂ ಖಚಿತವಾಗಿ ಹೇಳುವುದು ಕಷ್ಟ. ಬಸವಣ್ಣನವರ ಅಕ್ಷಯ ತದಿಗೆ ಕೂಡ ನಾವು ನಂಬಿಕೆಯಿಂದ ಒಪ್ಪಿಕೊಂಡದ್ದು. ಬಸವಣ್ಣನವರೋ ತಮ್ಮನ್ನು ಚನ್ನಯ್ಯನ ಮನೆಯವನೆಂದು ಹೇಳಿಕೊಂಡವರು. ಆದರೂ ಅವರಿಗೆ ಬೇರೆ ದಿನ, ಚನ್ನಯ್ಯನಿಗೆ ಪಾಲಿನ ದಿನ. ನಮ್ಮ ಅಪ್ಪ ದೊಡ್ಡಪ್ಪಂದಿರಿಗೆ ಜೂನ್ 1ನ್ನು ಹಂಚಿದ ಹಾಗೆಯೇ ಇದು.

ಇನ್ನೊಂದು ಕಡೆ, ಜಯಂತಿಗೆ ಒಗ್ಗದ ದಿನಗಳಿವೆ. 2000ದ ಮಾರ್ಚ್ 11, ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿ. ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟ ದಿನ. ಆರೋಪಿಗಳು ಖುಲಾಸೆಯಾದರು. ಅದರ ಮಾರನೇ ತಾರೀಖು ದಂಡಿಯಾತ್ರೆಯ ದಿನ. ಮಕ್ಕಳ ಬಾಯಲ್ಲಿ ಮಾರ್ಚ್ 12 ಇದೆ, 11 ಇಲ್ಲ. ಹೆಮ್ಮೆಯ ಪಟ್ಟಿಯಲ್ಲಿ ನಾಚಿಕೆಗೆ ಜಾಗವಿಲ್ಲ ಎನ್ನಬಹುದು. ನಾಚಿಕೆಯನ್ನು ನೆನಪಿಡದ ಚರಿತ್ರೆ ಯಾವ ಹೆಮ್ಮೆಗೂ ಯೋಗ್ಯವಲ್ಲ ಎಂಬುದು ನನ್ನ ಉತ್ತರ.

ಹಾಗಾದರೆ ದಲಿತ ವಿಮರ್ಶೆ ಏನು ಮಾಡಬೇಕು? ‘ನಮ್ಮವರ ಹೆಸರನ್ನೂ ಸೇರಿಸಿ’ ಅಂತ ಅರ್ಜಿ ಕೊಡುವುದು ಒಂದು ದಾರಿ. ಅದನ್ನು ಬಿಡಬೇಕಾಗಿಲ್ಲ; ಮಹಾಡ, ನಾಸಿಕ, ನಿಪ್ಪಾಣಿ, ಬೂಸಾ, ಕಂಬಾಲಪಲ್ಲಿ ಪಟ್ಟಿಗೆ ಬರಲೇಬೇಕು. ಆದರೆ ಇದು ಸಾಲದು. ವ್ಯಾಕರಣ ಹಾಗೇ ಇದ್ದು ಹೆಸರು ಮಾತ್ರ ಸೇರಿದರೆ ನಾವೂ ಫೋಟೋ ಆಗುತ್ತೇವೆ. ಬಾಬಾಸಾಹೇಬರಿಗೆ ಆಗಿರುವುದು ಅದೇ ಅಲ್ಲವೇ? ಡಿಸೆಂಬರ್ 6 ಮತ್ತು ಏಪ್ರಿಲ್ 14ಕ್ಕೆ ಹಾರ ಬೀಳುತ್ತದೆ. ಡಿಸೆಂಬರ್ 25, 1927ರಲ್ಲಿ ಅದೇ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ದಿನ, ಫಲಕದಲ್ಲಿ ಕಾಣುವುದಿಲ್ಲ. ಹುಟ್ಟು ಸಾವುಗಳನ್ನು ಒಪ್ಪಿಕೊಂಡು ಕೃತಿಯನ್ನು ಬಿಟ್ಟುಬಿಡುವುದು ಯಜಮಾನಿಕೆಯ ಹಳೆಯ ಜಾಣತನ.

ನನ್ನ ಸೂಚನೆ ಸಾಧಾರಣವಾದದ್ದು. ಪ್ರತಿ ತಾರೀಖನ್ನೂ ಮೂರು ಪ್ರಶ್ನೆಗಳ ಜೊತೆ ಓದೋಣ. ಈ ದಿನವನ್ನು ಬರೆದಿಟ್ಟವರು ಯಾರು? ಈ ಘಟನೆ ನಡೆಯುವಾಗ ಅಲ್ಲಿ ದುಡಿಯುತ್ತಿದ್ದವರು ಯಾರು? ಇದರ ಹಿಂದಿನ ದಿನ, ಮುಂದಿನ ದಿನ ಏನಾಯಿತು? ಈ ಪ್ರಶ್ನೆಗಳು ಏಪ್ರಿಲ್ 13ರ ಗೌರವವನ್ನು ಕಡಿಮೆ ಮಾಡುವುದಿಲ್ಲ. ಅಂಕೋಲೆಯ ಸತ್ಯಾಗ್ರಹಿಗಳ ಹಿಡಿ ಉಪ್ಪಿನ ಪಕ್ಕ ಸಾಣಿಕಟ್ಟೆಯ ಬುಟ್ಟಿ ಉಪ್ಪನ್ನೂ ಇಡುತ್ತವೆ. ಮಿರ್ಜಾನಿನ ಕೋಟೆಯ ಬಗ್ಗೆ ಹೇಳುವಾಗ ಕಲ್ಲು ಹೊತ್ತವರ ಬಗ್ಗೆ ಕೇಳಲು ಬಿಡುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಕುಮಟಾ ಬಂದರಿನ ಹತ್ತಿ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಊರಿನ ಹೆಸರಿನಿಂದಲೇ ಮಾರಾಟವಾಗುತ್ತಿತ್ತು ಎಂದು ಹೆಮ್ಮೆಪಡುವಾಗ, ಆ ಅಂಡಿಗೆಗಳನ್ನು ದಕ್ಕೆಯಲ್ಲಿ ಹೊತ್ತ ಬೆನ್ನುಗಳನ್ನೂ ನೆನಪಿಸುತ್ತವೆ. ಅವರ ಹೆಸರು ಸಿಗದಿರಬಹುದು. ಹೆಸರು ಸಿಗುವುದಿಲ್ಲ ಎನ್ನುವುದನ್ನೇ ಫಲಕದ ಮೇಲೆ ಬರೆಯಬಹುದು.

ಈ ವರ್ಷದಿಂದ ನಮ್ಮ ಫಲಕದಲ್ಲಿ ಒಂದು ಸಾಲು ಹೆಚ್ಚಾಗಿದೆ. ಆಗಸ್ಟ್ 3ಕ್ಕೆ ಚಿತ್ತಾಲರು ಇದ್ದಾರೆ, ಮೊದಲಿನ ಹಾಗೆಯೇ. ಮಾರನೇ ದಿನ ‘ಮುಂಬಯಿ ಪ್ರಾಂತದ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆಯಬೇಕೆಂಬ ಗೊತ್ತುವಳಿ, 1923’ ಎಂದು ಬರೆಸಿದೆ. ಅದನ್ನು ಓದಿದ ಒಬ್ಬ ಹುಡುಗ, “ಹಾಗಾದ್ರೆ ನಮ್ಮೂರ ಬಾವಿ ತೆರೆದದ್ದು ಯಾವಾಗ ಸರ್?” ಅಂತ ಕೇಳಿದ. ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆ. ಮುಂದಿನ ದಲಿತ ವಿಮರ್ಶೆಗೆ ಬೇಕಾದ ಪಠ್ಯ ಆ ಅಜ್ಜಿಯ ಹತ್ತಿರ ಇದೆ. ಅವಳು ತಾರೀಖು ಹೇಳಲಾರಳು. ಯಾರು ತಡೆದರು, ಯಾರು ಮೊದಲು ಕೊಡ ಇಳಿಸಿದರು ಅನ್ನುವುದನ್ನು ಹೇಳುತ್ತಾಳೆ.